ಬೆಂದ ಬಳಚು ಹೊಟ್ಟೆ ಕೆಡಿಸಿದ್ದೇಕೆ?

ಪ್ರಶ್ನೆ: ಭಾನುವಾರ ಮೀನುಪೇಟೆಯಿಂದ ತಾಜಾ ಬಳಚು (ಚಿಪ್ಪುಮೀನು) ತಂದು, ಚಿಪ್ಪು ಬಾಯಿ ಬಿಡುವವರೆಗೆ ಬೇಯಿಸಿ, ಹಸಿಯದನ್ನು ಇಟ್ಟಿದ್ದ ಬುಟ್ಟಿಗೇ ಬಸಿದು ಬಿಡಿಸಿದೆ. ಅರ್ಧದಷ್ಟನ್ನು ಮಧ್ಯಾಹ್ನ ಸಾರಿನಲ್ಲಿ ಕುದಿಸಿ ಎಲ್ಲರೂ ಉಂಡೆವು. ಉಳಿದದ್ದು ಹೊರಗೇ ಇತ್ತು. ರಾತ್ರಿ ಸ್ವಲ್ಪ ಬಾಡಿಸಿ ಸುಕ್ಕೆ ಮಾಡಿದೆ. ಅದನ್ನು ಉಂಡ ಯಜಮಾನರಿಗೂ ಮಗನಿಗೂ ಬೆಳಗಿನ ಜಾವದಿಂದ ನೀರಿನಂಥ ಭೇದಿ, ಹೊಟ್ಟೆ ಹಿಂಡುವ ನೋವು. ರಾತ್ರಿ ಗಂಜಿಯಷ್ಟೇ ಉಂಡ ನನಗೂ ಅತ್ತೆಯವರಿಗೂ ಏನೂ ಆಗಲಿಲ್ಲ. ಬಳಚು ಉಷ್ಣ, ಅದಕ್ಕೇ ಹೀಗಾಯಿತು ಎನ್ನುತ್ತಾರೆ ಅತ್ತೆ. ನಿಜವೇ?
– ಓದುಗರೊಬ್ಬರು, ಕಾರವಾರ

ಉತ್ತರ: ಯಾರು ಯಾವ ಹೊತ್ತಿನಲ್ಲಿ ಏನು ಉಂಡರೆಂದು ನೀವು ಬರೆದದ್ದು ಬಹಳ ಉಪಕಾರವಾಯಿತು. ಮಧ್ಯಾಹ್ನದ ಸಾರು ಎಲ್ಲರಿಗೂ ಒಗ್ಗಿದೆ. ಹಾಗಾಗಿ ದೋಷ ಉಷ್ಣದ್ದಲ್ಲ, ಆ ಬುಟ್ಟಿಯದು ಮತ್ತು ಹೊರಗೆ ಕಳೆದ ಅಷ್ಟೂ ತಾಸುಗಳದು. ಮಲಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದಿದ್ದರೂ ನನ್ನ ಮೊದಲ ಅನುಮಾನ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದು 272 ಮಂದಿ ಕಾಯಿಲೆ ಬಿದ್ದು, 20 ಮಂದಿ ತೀರಿಕೊಂಡಾಗ ಇದು ಮೊದಲು ಪತ್ತೆಯಾಯಿತು.

ಕಾಳಿ, ಅಘನಾಶಿನಿಗಳು ಕಡಲು ಸೇರುವಂಥ ಅಳಿವೆಗಳ ಬೆಚ್ಚಗಿನ ಸವುಳು ನೀರು ಇದಕ್ಕೆ ಹೇಳಿ ಮಾಡಿಸಿದ ನೆಲೆ. ಬಳಚು ಆ ನೀರನ್ನೇ ಸೋಸಿ ಆಹಾರ ಪಡೆಯುವುದರಿಂದ ಬ್ಯಾಕ್ಟೀರಿಯಾ ಅದರೊಳಗೆ ಸೇರಿಕೊಳ್ಳುತ್ತದೆ, ಆದರೆ ಬಳಚು ಎಷ್ಟೇ ತಾಜಾ ಇದ್ದರೂ ನೋಟದಿಂದಾಗಲಿ ವಾಸನೆಯಿಂದಾಗಲಿ ಅದು ತಿಳಿಯುವುದಿಲ್ಲ. ಬೇಯಿಸಿದಾಗ ಸತ್ತದ್ದು, ಹಸಿ ಬಳಚಿನ ನೀರು ಇಳಿದಿದ್ದ ಬುಟ್ಟಿಯಿಂದ ಮತ್ತೆ ಹತ್ತಿಕೊಂಡಿರಬೇಕು. ಕರಾವಳಿಯ ಸೆಕೆಯಲ್ಲಿ ಅನುಕೂಲ ಸಿಕ್ಕರೆ ಇದು ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಉಪ್ಪು ಸವರಿಟ್ಟರೆ ಸಾಕೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ, ಆದರೆ ಅಷ್ಟು ಉಪ್ಪು ಈ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೇ. ಲಿಂಬೆಹುಳಿಯನ್ನೂ ನೆಚ್ಚಬೇಡಿ. ಫ್ರಿಜ್ಜು ಬೆಳೆಯದಂತೆ ತಡೆಯುತ್ತದೆ, ಕೊಲ್ಲುವುದಿಲ್ಲ.

ಬಳಚು ಬಾಯಿ ಬಿಟ್ಟ ಮೇಲೂ ಮೂರರಿಂದ ಐದು ನಿಮಿಷ ಕುದಿಯಲಿ. ಬಾಯಿ ಬಿಡದವನ್ನು ಎಸೆಯಿರಿ. ಬೆಂದದ್ದಕ್ಕೆ ಬೇರೆ ಪಾತ್ರೆ ಇರಲಿ, ಮೀನು ಕೊಯ್ದ ಮೆಟ್ಟುಗತ್ತಿಯನ್ನು ಸಾಬೂನು ಹಾಕಿ ತೊಳೆಯದೆ ಅದರಲ್ಲಿ ಸೌತೆಕಾಯಿ ಹೆಚ್ಚಬೇಡಿ.

ಈ ಭೇದಿ ಸಾಮಾನ್ಯವಾಗಿ ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಆಗಾಗ ಕುಡಿಸಿ. ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಿಸಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ ಕಂಡರೆ ಅಥವಾ ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಳಚು ತಿಂದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಈ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಲು ಪ್ರಯೋಗಾಲಯದಲ್ಲಿ ಬೇರೆಯೇ ವಿಧಾನದ ಪರೀಕ್ಷೆ ನಡೆಸಬೇಕಾಗುತ್ತದೆ.