ಕೂಸಿನ ಕಿವಿ ಹಿಂದೆ ನೀಲಿ ಕಲೆ

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ತೋಟದ ಲೈನ್‌ಮನೆಯೊಂದರಲ್ಲಿ 3 ತಿಂಗಳ ಕೂಸಿನ ಕಿವಿ ಹಿಂದೆ ನೀಲಿಗಟ್ಟಿದೆ. ‘ಹೊರಳಿ ಬಿತ್ತು’ ಅಂತಾರೆ. ನಂಬಲೇ ಡಾಕ್ಟ್ರೇ?
– ಓದುಗರು, ಸಿದ್ದಾಪುರ

ಉತ್ತರ: ಹಾಗೇ ಬಿಡಬೇಡಿ. ಓಡಾಡುವ ಮಕ್ಕಳು ಬಿದ್ದರೆ ಮೊಣಕಾಲು, ಹಣೆಗೆ ಪೆಟ್ಟಾಗುವುದು ಸಹಜ. ಇನ್ನೂ ಮಗುಚಿಕೊಳ್ಳದ ಕೂಸಿನ ಕಿವಿ, ಕುತ್ತಿಗೆ, ಹೊಟ್ಟೆಯ ಮೇಲೆ ಕಲೆ ಕಂಡರೆ ಅದೇ ದಿನ ವೈದ್ಯರು ಬಟ್ಟೆ ಬಿಚ್ಚಿಸಿ ಪೂರ್ತಿ ನೋಡಬೇಕು. ಸೊಂಟದ ಕೆಳಗಿನ ನೀಲಿ ಹುಟ್ಟುಮಚ್ಚೆ ಬೇರೆ. ಅದು ವಾರ ಕಳೆದರೂ ಹಾಗೇ ಇರುತ್ತದೆ, ಪೆಟ್ಟಿನ ಕಲೆ ಬಣ್ಣ ಬದಲಿಸಿ ಮಾಯುತ್ತದೆ. ಕೂಸು ಮಂಕಾಗಿದ್ದರೆ, ವಾಂತಿ ಮಾಡುತ್ತಿದ್ದರೆ ತಲೆಗೆ ಪೆಟ್ಟಾಗಿರಬಹುದು, ನೇರ ಮಡಿಕೇರಿ ಜಿಲ್ಲಾಸ್ಪತ್ರೆಗೆ ಕಳಿಸಿ. ಮನೆಯವರೊಡನೆ ಜಗಳಕ್ಕಿಳಿಯಬೇಡಿ, ಕೂಸಿಗೇ ಅಪಾಯ. ಅವರು ಹೇಳಿದ್ದನ್ನು ಅವರದೇ ಮಾತಲ್ಲಿ, ತಾರೀಖು ಸಮೇತ ಬರೆದಿಡಿ. ಯಾರೋ ಹೊಡೆದಿರಬಹುದೆಂಬ ಅನುಮಾನವಿದ್ದರೆ ಸಾಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.