ವಿಜ್ಞಾನದ ಟ್ಯಾಟೂ: ಡಿಎನ್‌ಎ ಸುರುಳಿಯೋ, ಸೂತ್ರವೋ, ಬೇರೇನಾದರೂ?

ನಿಮ್ಮ ಪ್ರಶ್ನೆ ಇಷ್ಟು: ಪುಣೆಯಲ್ಲಿ ಓದುತ್ತಿದ್ದೀರಿ, ಮುಂಗೈ ಮೇಲೆ ವಿಜ್ಞಾನಕ್ಕೆ ಸಂಬಂಧಪಟ್ಟ ಟ್ಯಾಟೂ ಬೇಕು, ಡಿಎನ್‌ಎ ಅಥವಾ ಕ್ವಾಂಟಂ ಭೌತಶಾಸ್ತ್ರದ ಶ್ರೋಡಿಂಗರ್ ಸಮೀಕರಣ ಮನಸ್ಸಿನಲ್ಲಿದೆ, ಆದರೆ ಮುಂದೆ ಬೇಜಾರಾದರೆ ಅನ್ನೋ ಭಯ. ನಾನೂ ಡಿಎನ್‌ಎಯಿಂದಲೇ ಶುರು ಮಾಡಿದವನು. ಕೊನೆಗೆ ಬೇರೆಯದನ್ನು ಹಾಕಿಸಿಕೊಂಡೆ.

ಎಫ್‌ಸಿ ರೋಡಿನ ಹತ್ತಿರದ ಒಂದು ಅಂಗಡಿಯಲ್ಲಿ ತೋರಿಸಿದ ಡಿಎನ್‌ಎ ಚಿತ್ರ ಬಹಳ ಚೆಂದ ಇತ್ತು. ಒಂದೇ ತೊಂದರೆ, ಅದು ಎಡಕ್ಕೆ ತಿರುಗಿದ ಸುರುಳಿ. ನಮ್ಮ ಜೀವಕೋಶಗಳಲ್ಲಿರುವ ಸಾಮಾನ್ಯ ಡಿಎನ್‌ಎ ಬಲಸುರುಳಿ. ಪರೀಕ್ಷಿಸುವುದು ಸುಲಭ: ಒಂದು ಮಾಮೂಲಿ ಬೋಲ್ಟನ್ನು ಚಿತ್ರದ ಪಕ್ಕ ನೆಟ್ಟಗೆ ಹಿಡಿಯಿರಿ. ಬೋಲ್ಟಿನ ಎಳೆಗಳು ಎದುರಿಗೆ ಎಡ ಕೆಳಗಿನಿಂದ ಬಲ ಮೇಲಕ್ಕೆ ಏರುತ್ತವೆ, ಚಿತ್ರದಲ್ಲಿ ಮುಂದಿರುವ ಪಟ್ಟಿಗಳೂ ಹಾಗೇ ಏರಬೇಕು. ಚಿತ್ರವನ್ನು ತಲೆಕೆಳಗು ಮಾಡಿದರೂ ಇದು ಬದಲಾಗುವುದಿಲ್ಲ, ಕನ್ನಡಿಯಲ್ಲಿ ಮಾತ್ರ ಬದಲಾಗುತ್ತದೆ. ಅದಕ್ಕೇ ಸ್ಟೆನ್ಸಿಲ್ ಅಂಟಿಸಿದ ಮೇಲೆ ಕನ್ನಡಿ ನೋಡಿ ‘ಸರಿ ಇದೆ’ ಅನ್ನಬೇಡಿ, ಸೆಲ್ಫಿಯನ್ನೂ ನಂಬಬೇಡಿ, ಕೈಯನ್ನೇ ನೋಡಿ. ಸುರುಳಿ ತಿರುಗುಮುರುಗಾಗಿದೆ ಅಂತ ನಾನು ಹೇಳಿದ್ದಕ್ಕೆ ಅಂಗಡಿಯ ಹುಡುಗ ‘ಯಾರು ನೋಡ್ತಾರೆ ಸರ್’ ಅಂದ. (ಎಡಸುರುಳಿಯ ಝಡ್-ಡಿಎನ್‌ಎ ಇದೆಯಲ್ಲ ಅಂತ ವಾದಿಸುವವರು ಸಿಗುತ್ತಾರೆ. ಅದರ ಬೆನ್ನೆಲುಬು ಅಂಕುಡೊಂಕು, ಅಂಗಡಿಯ ಚಿತ್ರದ ಹಾಗೆ ನುಣುಪಾಗಿ ಬಳುಕುವುದಿಲ್ಲ.)

ಸಮೀಕರಣಕ್ಕೆ ಬೇರೆ ಅಪಾಯ. ಶ್ರೋಡಿಂಗರ್ ಸಮೀಕರಣದ ಎಚ್ ಅಕ್ಷರದ ಮೇಲೆ ಒಂದು ಅಡ್ಡಗೆರೆ ಇದೆ. ಆ ಎಚ್ ಪ್ಲಾಂಕ್ ಸ್ಥಿರಾಂಕ ಎಂಬ ಸಂಖ್ಯೆಯ ಗುರುತು, ಗೆರೆ ಮಾಸಿಹೋದರೆ ಅದರ ಬೆಲೆ 2π ಪಟ್ಟು ಬದಲಾಗುತ್ತದೆ. ಗೆರೆ ಎಲ್ಲಿ ಮಾಸುತ್ತದೆ ಅನ್ನಬೇಡಿ. ನಮ್ಮ ಅಜ್ಜಿಯ ಮುಂಗೈ ಮೇಲೆ ಅರವತ್ತು ವರ್ಷದ ಹಿಂದಿನ ಹಚ್ಚೆ ಇದೆ. ಹಾಕಿಸಿದಾಗ ತುಳಸಿಕಟ್ಟೆಯಂತೆ, ಈಗ ತುಳಸಿಯೋ ತೊಟ್ಟಿಲೋ ಅಂತ ಹೇಳಲಾಗದ ಹಸಿರು ಮೋಡ. ಶಾಯಿ ಒಳಚರ್ಮದಲ್ಲಿ ಕಲ್ಲಿನ ಕೆತ್ತನೆಯ ಹಾಗೆ ಕೂತಿರುವುದಿಲ್ಲ. ಹೊರಗಿನ ಕಸವನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ಕೋಶಗಳು ಅದನ್ನು ನುಂಗಿ, ಕರಗಿಸಲಾರದೆ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತವೆ. ಅವು ಸತ್ತಾಗ ಬಿಟ್ಟ ಶಾಯಿಯನ್ನು ಹೊಸ ಕೋಶಗಳು ನುಂಗುತ್ತವೆ ಅಂತ 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ವರ್ಷ ಕಳೆದಂತೆ ಗೆರೆ ದಪ್ಪಗಾಗುತ್ತದೆ, ಅಂಚು ಕದಡುತ್ತದೆ. ಕೆಫೀನ್, ಡೋಪಮೈನ್ ಅಣುಗಳ ಚಿತ್ರಗಳು ಪರವಾಗಿಲ್ಲ, ದೊಡ್ಡದಾಗಿ ಬರೆಸಿದರೆ ಬಾಳುತ್ತವೆ. ಆದರೆ ಎಲ್ಲರ ಕೈ ಮೇಲೂ ಅವೇ.

ನಾನು ಹಾಕಿಸಿಕೊಂಡದ್ದು ಒಂದು ಸಂಖ್ಯೆ: ೬೧೭೪. ಕನ್ನಡ ಅಂಕಿಗಳಲ್ಲೇ. ನಾಸಿಕದ ಬಳಿ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ ಕಂಡುಹಿಡಿದದ್ದು. ಅವರು ಓದಿದ್ದು ಇದೇ ಎಫ್‌ಸಿ ರೋಡಿಗೆ ಹೆಸರು ಕೊಟ್ಟ ಫರ್ಗ್ಯುಸನ್ ಕಾಲೇಜಿನಲ್ಲಿ. ನಾಲ್ಕೂ ಒಂದೇ ಅಲ್ಲದ ಯಾವುದೇ ನಾಲ್ಕು ಅಂಕಿ ತಗೊಳ್ಳಿ, 3524 ಅಂತಿರಲಿ. ಇಳಿಕೆ ಕ್ರಮದಲ್ಲಿ 5432, ಏರಿಕೆಯಲ್ಲಿ 2345, ಕಳೆದರೆ 3087. ಮತ್ತೆ 8730ರಿಂದ 0378 ಕಳೆಯಿರಿ, 8352. ಮತ್ತೆ 8532ರಿಂದ 2358, ಬಂತು 6174. ಮುಂದೆ ಎಷ್ಟು ಸಲ ಕಳೆದರೂ ಅಲ್ಲೇ ನಿಲ್ಲುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆ. ಬಸ್ಸಿನಲ್ಲಿ ಪಕ್ಕದವರು ‘ಇದೇನು’ ಅಂದರೆ ಅವರ ಮೊಬೈಲಿನಲ್ಲೇ ಲೆಕ್ಕ ಮಾಡಿಸುತ್ತೇನೆ, ಸ್ವಾರ್‌ಗೇಟ್ ಬರುವುದರೊಳಗೆ ಮುಗಿಯುತ್ತದೆ. ಐದು ವರ್ಷವಾಯಿತು, ಇನ್ನೂ ಬೇಜಾರಾಗಿಲ್ಲ. ಊರಿಗೆ ಹೋದಾಗ ಅಜ್ಜಿ ಮಾತ್ರ ‘ಯಾರ ಮನಿ ನಂಬರೋ ತಮ್ಮಾ ಇದು?’ ಅಂತ ಕೇಳಿದಳು.

ಹಾಗಾಗಿ ನನ್ನ ಅಳತೆಗೋಲು ಇದು: ಪುಸ್ತಕ ತೆರೆಯದೆ, ಅಪರಿಚಿತರೊಬ್ಬರಿಗೆ ನೀವು ಬಿಡಿಸಿ ಹೇಳಬಲ್ಲದ್ದನ್ನೇ ಆರಿಸಿ. ಶ್ರೋಡಿಂಗರ್ ಸಮೀಕರಣವನ್ನು ಹಾಗೆ ಬಿಡಿಸಿ ಹೇಳಬಲ್ಲಿರಾದರೆ ಧಾರಾಳವಾಗಿ ಹಾಕಿಸಿ, ಅಕ್ಷರ ಮಾತ್ರ ದೊಡ್ಡದಿರಲಿ. ಮೊದಲು ಎರಡು ವಾರ ಬಾಲ್‌ಪೆನ್ನಿನಲ್ಲಿ ದಿನಾ ಬರೆದುಕೊಂಡು ಓಡಾಡಿ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ), ಸೈನ್ಯ ಅಂತ ಯೋಚನೆ ಇದ್ದರೆ ಅವರ ಟ್ಯಾಟೂ ನಿಯಮ ಮೊದಲು ಓದಿ.

ಕನ್ನಡ ಅಂಕಿಯೇ ಬೇಕೆಂದರೆ ಅಚ್ಚು ಮಾಡಿದ ಕಾಗದ ಒಯ್ಯಿರಿ. ನನ್ನ ಟ್ಯಾಟೂ ಹಾಕಿದ ಮರಾಠಿ ಹುಡುಗನಿಗೆ ನಮ್ಮ ಲಿಪಿ ಗೊತ್ತಿರಲಿಲ್ಲ, ಮೊದಲ ಸ್ಟೆನ್ಸಿಲ್‌ನಲ್ಲಿ ೬ ಹೋಗಿ ೯ ಆಗಿತ್ತು, ಸ್ಪಿರಿಟ್ ಹಚ್ಚಿ ಒರೆಸಿ ಮತ್ತೆ ಅಂಟಿಸಿದ. ೧ರ ಬಾಯಿಯನ್ನು ಮಾಮೂಲಿಗಿಂತ ಅಗಲ ಬಿಡಿಸಿಕೊಂಡಿದ್ದೇನೆ. ಶಾಯಿ ಹರಡಿ ಅದು ಮುಚ್ಚಿದರೆ ೦ ಆಗಿ, ನನ್ನ ಕೈ ಮೇಲೆ ಯಾವ ಅರ್ಥವೂ ಇಲ್ಲದ 6074 ಉಳಿಯುತ್ತದೆ.