ದಂಟು ಮುರಿಯಬೇಡಿ, ಬುಡ ಬಗೆದು ನೋಡಿ

ಪ್ರಶ್ನೆ: ಮೊದಲ ಮಳೆ ಬಿದ್ದಮೇಲೆ ತೋಟದ ಅಂಚಿನಲ್ಲಿ ಬಿಳಿ ಅಣಬೆ ಎದ್ದಿವೆ. ಅಜ್ಜಿ ಇದ್ದಾಗ ಅವರೇ ಆರಿಸಿ ತರುತ್ತಿದ್ದರು, ಈಗ ಗುರುತು ಹೇಳುವವರಿಲ್ಲ. ಬೆಳ್ಳುಳ್ಳಿ, ಬೆಳ್ಳಿ ಚಮಚ ಹಾಕಿ ಬೇಯಿಸಿ, ಕಪ್ಪಾಗದಿದ್ದರೆ ತಿನ್ನಬಹುದೇ? (ತೀರ್ಥಹಳ್ಳಿ)

ತಿನ್ನಬಾರದು. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶದಿಂದ. ಜೀವ ತೆಗೆಯುವ ಅಮಾಟಾಕ್ಸಿನ್ ವಿಷಕ್ಕೂ ಬೆಳ್ಳಿಗೂ ಸಂಬಂಧವೇ ಇಲ್ಲ. ಅರಿಸಿನ, ಹುಣಸೆಹುಳಿ, ಅಕ್ಕಿಕಾಳು ಹಾಕಿ ನೋಡುವ ಪರೀಕ್ಷೆಗಳೂ ಹಾಗೆಯೇ. ಗೊಂಡೆಹುಳ ತಿಂದ ಅಣಬೆ ನಮಗೂ ಆಗುತ್ತದೆ ಎನ್ನುವುದೂ ಸುಳ್ಳು. ವಿಷದ ಅಣಬೆಯನ್ನು ತಿಂದೂ ಅದು ಆರಾಮಾಗಿರುತ್ತದೆ. ಕುದಿಸಿದರೂ ಒಣಗಿಸಿದರೂ ಈ ವಿಷ ಹೋಗುವುದಿಲ್ಲ.

ಅಜ್ಜಿಗೆ ಗೊತ್ತಿದ್ದದ್ದು ಪರೀಕ್ಷೆಯಲ್ಲ, ಆ ಒಂದು ಜಾತಿಯ ಗುರುತು. ಬಹುಶಃ ಅದು ಹುತ್ತದಣಬೆ. ನೆಲದಡಿಯಲ್ಲಿ ಗೆದ್ದಲು ಸಾಕುವ ಸ್ಪಂಜಿನಂಥ ತಟ್ಟಿಯಿಂದಲೇ ಅದು ಮೇಲೇಳುತ್ತದೆ. ಆದ್ದರಿಂದ ದಂಟಿನ ಕೆಳಗೆ ಬೇರಿನಂತೆ ಸಪೂರಾಗುತ್ತ ಹೋಗುವ ಬಾಲ ಇರುತ್ತದೆ, ಒಂದು ಗೇಣಿನಿಂದ ಮೊಳದವರೆಗೂ. ಕೊಡೆಯ ನಡುನೆತ್ತಿಯಲ್ಲಿ ಗಟ್ಟಿಯಾದ ಮೊನೆ. ಬುಡದಲ್ಲಿ ಚೀಲ ಇರುವುದಿಲ್ಲ. ದಂಟಿಗೆ ಉಂಗುರ ಕೆಲವು ಹುತ್ತದಣಬೆಗೆ ಇದೆ, ಕೆಲವಕ್ಕಿಲ್ಲ. ಉಂಗುರವೊಂದನ್ನೇ ನೋಡಿ ತೀರ್ಮಾನ ಮಾಡುವಂತಿಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ: ದಂಟನ್ನು ನೆಲಮಟ್ಟದಲ್ಲಿ ಮುರಿದು ಬುಟ್ಟಿಗೆ ಹಾಕುತ್ತಾರೆ, ಗುರುತೆಲ್ಲ ಮಣ್ಣಿನೊಳಗೇ ಉಳಿಯುತ್ತದೆ. ಮೊನಚು ಕೋಲಿನಿಂದ ಪಕ್ಕದ ಮಣ್ಣು ಬಿಡಿಸಿ ಒಂದನ್ನಾದರೂ ಬುಡಸಮೇತ ಎತ್ತಿ ನೋಡಿ. ಬುಡಕ್ಕೆ ಮೊಟ್ಟೆ ಸಿಪ್ಪೆಯಂಥ ಬಿಳಿ ಚೀಲ ಅಂಟಿದ್ದು ದಂಟಿನ ಮೇಲ್ಭಾಗದಲ್ಲಿ ಉಂಗುರವೂ ಇದ್ದರೆ ಅದು ಅಮಾನಿಟಾ ಗುಂಪಿನದು. ಅತಿ ಘಾತಕ ಅಣಬೆಗಳು ಈ ಗುಂಪಿನಲ್ಲಿವೆ. ಬುಡದಲ್ಲಿ ಚೀಲವಿಲ್ಲದೆ ಗಡ್ಡೆಯಂತೆ ಉಬ್ಬಿದ್ದು, ಬಿಳಿ ಕೊಡೆಯ ಮೇಲೆ ಕಂದು ಚಕ್ಕೆಗಳಿದ್ದು, ಹಟ್ಟಿ ಪಕ್ಕ, ಗೊಬ್ಬರ ಬಿದ್ದ ಜಾಗ ಅಥವಾ ಹುಲ್ಲುಹಾಸಿನಲ್ಲಿ ಎದ್ದಿದ್ದರೆ ಕ್ಲೋರೋಫಿಲಮ್ ಇರಬಹುದು. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿಭೇದಿ ಹಿಡಿಸುವ ಅಣಬೆ ಅದು.

ಮನೆಯಲ್ಲಿ ಮಾಡಬಹುದಾದ ಒಂದು ಒಳ್ಳೆಯ ಕೆಲಸವಿದೆ. ಬಲಿತ ಕೊಡೆಯನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕವುಚಿಟ್ಟು, ಲೋಟ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬೀಜಕಣಗಳ ಪುಡಿ ಗೆರೆಗೆರೆಯಾಗಿ ಬಿದ್ದಿರುತ್ತದೆ. ಹುತ್ತದಣಬೆಯದು ತಿಳಿ ಗುಲಾಬಿ, ಅಮಾನಿಟಾದ್ದು ಬಿಳಿ, ಆ ಕ್ಲೋರೋಫಿಲಮ್‌ನದು ಮಾಸಲು ಹಸಿರು. ಎಳೆಯದರಲ್ಲಿ ಕೊಡೆಯಡಿಯ ಎಸಳುಗಳು ಬಿಳಿಯಾಗಿಯೇ ಇರುವುದರಿಂದ ಕಣ್ಣಿಗೆ ಈ ಹಸಿರು ಕಾಣುವುದಿಲ್ಲ. ಬಣ್ಣ ತಾಳೆಯಾಗದಿದ್ದರೆ ಎಸೆಯಿರಿ. ತಾಳೆಯಾದರೂ ಅಷ್ಟರಿಂದಲೇ ಒಲೆಗೆ ಏರಿಸಬೇಡಿ. ಗುಲಾಬಿ ಪುಡಿ ಉದುರಿಸುವ ವಿಷದಣಬೆಗಳೂ ಇವೆ. ಬಾಲ, ಮೊನೆ, ಚೀಲವಿಲ್ಲದ ಬುಡ, ಪುಡಿ ಎಲ್ಲ ಕೂಡಿಬರಬೇಕು. ಮೇಲೆ ವರ್ಷಗಟ್ಟಲೆ ಆರಿಸಿ ತಿಂದ ಊರಿನವರೊಬ್ಬರು ಕೈಯಲ್ಲಿ ಹಿಡಿದು ಹೌದೆನ್ನಬೇಕು. ಫೋಟೋ ಕಳಿಸಿದರೆ ನಾವೂ ಹೌದೆನ್ನುವುದಿಲ್ಲ.

ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಇದೇ ಮಳೆಗಾಲದಲ್ಲಿ. ಔಷಧಿ, ಕಳೆನಾಶಕ ಬಿದ್ದ ಜಾಗದ್ದು ಒಳ್ಳೆಯ ಜಾತಿಯಾದರೂ ಬೇಡ.

ಪ್ರಶ್ನೆ: ಜೂನ್‌ನಲ್ಲಿ ಮಾರುಕಟ್ಟೆಗೆ ಬರುವ ಕಲ್ಲಣಬೆ (ಕಲ್ಲಲಾಂಬು) ನಮ್ಮ ಗುಡ್ಡದಲ್ಲೂ ಇದೆ. ದುಂಡಗಿರುವುದರಿಂದ ಅಪಾಯವಿಲ್ಲ ಅಲ್ಲವೇ? (ಕಾರ್ಕಳ)

ದುಂಡಗಿರುವುದೇ ಎಚ್ಚರಿಕೆಗೆ ಕಾರಣ. ಅಮಾನಿಟಾ ಕೂಡ ಎಳೆಯದಿರುವಾಗ ಮೊಟ್ಟೆಯಂತೆ ದುಂಡಗೆ ಮಣ್ಣಿನಿಂದ ಇಣುಕುತ್ತದೆ. ಮಣ್ಣು ಹೋಗುವವರೆಗೆ ಐದಾರು ನೀರಿನಲ್ಲಿ ತಿಕ್ಕಿ ತೊಳೆದು, ಒಂದೊಂದನ್ನೂ ನೆತ್ತಿಯಿಂದ ಬುಡಕ್ಕೆ ಸೀಳಿ. ಒಳ್ಳೆಯ ಕಲ್ಲಣಬೆಯ ಹೊರಸಿಪ್ಪೆ ಹಲ್ಲಿಗೆ ಕರುಂ ಎನ್ನುವಷ್ಟು ಗಟ್ಟಿ, ಒಳಗೆ ಎಲ್ಲೂ ಗೆರೆಯಿಲ್ಲದೆ ಕೊಬ್ಬರಿಯಂತೆ ಬಿಳಿ. ಸೀಳಿದಾಗ ಪುಟ್ಟ ಕೊಡೆ, ದಂಟಿನ ಆಕಾರ ಕಂಡರೆ ಅದು ಮೊಟ್ಟೆಯೊಳಗಿನ ಅಣಬೆ; ಎಸೆದು ಚಾಕು ತೊಳೆಯಿರಿ. ಒಳಗೆ ನೇರಳೆಗಪ್ಪಾಗಿ, ಅಮೃತಶಿಲೆಯಂತೆ ಬಿಳಿ ಎಳೆಗಳಿದ್ದರೆ ಸ್ಕ್ಲೆರೋಡರ್ಮಾ ಎಂಬ ವಿಷದುಂಡೆ ಇರಬಹುದು. ಕಲ್ಲಣಬೆಯೇ ಬಲಿತರೂ ಕಂದಾಗಿ ಪುಡಿಯಾಗುತ್ತದೆ. ಹೀಗಾಗಿ ಬಿಳಿ ಬಿಟ್ಟು ಬೇರೆ ಯಾವ ಬಣ್ಣ ಕಂಡರೂ ಪಾತ್ರೆಗೆ ಹಾಕಬೇಡಿ.

ಪ್ರಶ್ನೆ: ಹುತ್ತದಣಬೆಯನ್ನು ಮನೆಯಲ್ಲಿ ಬೆಳೆಯಬಹುದೇ? ಎಷ್ಟು ದಿನ ಇಡಬಹುದು? (ಸೋಮವಾರಪೇಟೆ)

ಗೆದ್ದಲಿಲ್ಲದೆ ಅದು ಏಳುವುದಿಲ್ಲ, ಹಾಗಾಗಿ ಚಿಪ್ಪಣಬೆಯಂತೆ ಚೀಲದಲ್ಲಿ ಬೆಳೆಯಲಾಗುವುದಿಲ್ಲ. ಎದ್ದ ಜಾಗದ ಹುತ್ತ ಅಗೆಯದಿದ್ದರೆ ಮತ್ತೆ ಅಲ್ಲಿಯೇ ಏಳಬಹುದು. ತಂದ ದಿನವೇ ಅಡುಗೆ ಮಾಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವತು ಸಂಜೆಯೊಳಗೆ ಲೋಳೆಯಾಗುತ್ತದೆ. ಬುಟ್ಟಿಯೋ ಬಾಳೆಲೆಯೋ ಆಗಲಿ. ಕನಿಷ್ಠ 15–20 ನಿಮಿಷ ಬೇಯಿಸಿ. ಮೊದಲ ಸಲ ತಿನ್ನುವವರು ಎರಡು ಚಮಚಕ್ಕಿಂತ ಹೆಚ್ಚು ತಿನ್ನಬಾರದು, ಮಕ್ಕಳಿಗೆ ಕೊಡಲೇಬೇಡಿ. ಹಸಿ ಅಣಬೆ ಎರಡನ್ನು ಬುಡಸಮೇತ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ, ಹೆಚ್ಚುಕಮ್ಮಿಯಾದರೆ ಗುರುತಿಸಲು ಬೇಕಾಗುತ್ತದೆ.

ಪ್ರಶ್ನೆ: ಅಣಬೆ ಸಾರು ಉಂಡು ಹತ್ತು ಗಂಟೆ ಕಳೆದಮೇಲೆ ನೆಂಟರೊಬ್ಬರಿಗೆ ವಾಂತಿ ಶುರುವಾಗಿತ್ತು, ಮಾರನೆಯ ದಿನ ತಾನಾಗಿ ನಿಂತಿತು. ಇನ್ನು ಭಯವಿಲ್ಲವೇ? (ಸಾಗರ)

ಇದನ್ನು ಓದುತ್ತಿರುವಾಗಲೂ ಅವರು ಆಸ್ಪತ್ರೆಗೆ ಹೋಗಿಲ್ಲವಾದರೆ ಈಗಲೇ ಕರೆದೊಯ್ಯಿರಿ. ಬೇಗ ಬರುವ ವಾಂತಿಗಿಂತ ಆರು ಗಂಟೆ ಕಳೆದು ಬರುವ ವಾಂತಿಯೇ ಹೆಚ್ಚು ಕೆಟ್ಟದ್ದು. ಅಮಾಟಾಕ್ಸಿನ್ ತಿಂದವರಿಗೆ ಒಂದು ದಿನ ಪೂರ್ತಿ ಗುಣವಾದಂತೆ ಕಾಣುತ್ತದೆ, ಆ ಹೊತ್ತಿನಲ್ಲೇ ಯಕೃತ್ತು ಹಾಳಾಗುತ್ತಿರುತ್ತದೆ. ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು. ಮೊದಲ ಸಲ ಸರಿಯಿದ್ದರೂ ಎರಡು ಮೂರು ದಿನ ಮತ್ತೆ ಮತ್ತೆ ಮಾಡಿಸಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮಜ್ಜಿಗೆ ಕೊಟ್ಟು ಕಾಯುವುದು ಎರಡೂ ಬೇಡ. 108ಕ್ಕೆ ಕರೆ ಮಾಡಿ. ಉಳಿದ ಸಾರು, ಹಸಿ ಅಣಬೆ, ಕಸಕ್ಕೆಸೆದ ಬುಡ ಸಿಕ್ಕಿದರೆ ಜೊತೆಗೆ ಒಯ್ಯಿರಿ. ಉಂಡ ಹೊತ್ತು, ವಾಂತಿ ಶುರುವಾದ ಹೊತ್ತು ಬರೆದುಕೊಂಡು ಹೋಗಿ ವೈದ್ಯರಿಗೆ ಮೊದಲು ಅದನ್ನೇ ಹೇಳಿ. ಅದೇ ಸಾರು ಉಂಡವರು ಆರಾಮಾಗಿದ್ದರೂ ಅವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.